ಒಂದು ಸಲಕ್ಕೆ ಒಂದೇ ನಟ್ಟು

ಸಂಜೆ ಹೊತ್ತು ಹೈದರಾಬಾದಿನ ಟ್ಯಾಂಕ್‌ಬಂಡ್ ಮೇಲೆ ನಿಂತವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತಿರುತ್ತದೆ. ಬೆನ್ನ ಹಿಂದೆ ಬಸ್ಸು, ಆಟೋಗಳ ಗದ್ದಲ. ಕಣ್ಣ ಮುಂದೆ ಹುಸೇನ್ ಸಾಗರ. ನೀರಿನ ಕಡೆಯಿಂದ ಸ್ಪೀಡ್‌ಬೋಟಿನ ದನಿ ಬರುತ್ತದೆ. ದಡ ಬಿಡುವಾಗ ಅದು ಹೊರೆ ಹೊತ್ತವರ ಏದುಸಿರಿನಂತೆ ಗೊರಗೊರ ಎನ್ನುತ್ತದೆ. ಸ್ವಲ್ಪ ಹೊತ್ತಿಗೆ ದನಿ ಏರಿ, ತಿಳಿಯಾಗಿ, ಒಂದು ಶ್ರುತಿಗೆ ಬಂದು ನಿಲ್ಲುತ್ತದೆ. ದೋಣಿ ನೀರನ್ನು ತಳ್ಳಿಕೊಂಡು ಹೋಗುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗಿದ್ದು ಆಗಲೇ. ಕಣ್ಣು ಮುಚ್ಚಿಕೊಂಡಿದ್ದರೂ ಅದು ತಿಳಿಯುತ್ತದೆ.

ನಾನು ಬೀದರಿನ ಕಡೆಯವನು. ಹೊಟ್ಟೆಪಾಡಿಗೆ ಈ ಊರಿಗೆ ಬಂದು, ದೋಣಿಯ ಹಿಂಬದಿಗೆ ಕಚ್ಚಿಸುವ ಔಟ್‌ಬೋರ್ಡ್ ಎಂಜಿನ್ನುಗಳ ರಿಪೇರಿ ಕಲಿತೆ. ಮಳೆಗಾಲದಲ್ಲಿ ಹುಸೇನ್ ಸಾಗರದ ಮೇಲೆ ಹಾಯಿದೋಣಿಗಳ ಪಂದ್ಯ ನಡೆಯುತ್ತದಲ್ಲ, ಆಗ ಮಗುಚಿದವರನ್ನು ಎತ್ತಲು ಓಡಾಡುವ ಕಾವಲು ದೋಣಿಗಳ ಎಂಜಿನ್ನು ನೋಡಿಕೊಂಡು ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಆದರೆ ಇವತ್ತು ನಿಮಗೆ ಹೇಳಹೊರಟಿರುವುದು ಬೇರೆ ಜಾತಿಯ ದೋಣಿಯ ವಿಷಯ. ಅದಕ್ಕೆ ಟನೆಲ್ ಬೋಟ್ ಎನ್ನುತ್ತಾರೆ. ಸುರಂಗದ ದೋಣಿ ಅಂದುಕೊಳ್ಳಿ. ಅದನ್ನು ಓಡಿಸಲು ಮತ್ತು ಹದಕ್ಕೆ ತರಲು ನಾನು ಮಧ್ಯವಯಸ್ಸಿನಲ್ಲಿ ಕಲಿತೆ. ಈ ವಿದ್ಯೆಯಲ್ಲಿ ಅರ್ಧ ಕಲಿಕೆ ಕಿವಿಯದ್ದೇ. ಹಾಗಾಗಿ ರೇಡಿಯೊದಲ್ಲಿ ಹೇಳುವುದಕ್ಕೆ ಇದಕ್ಕಿಂತ ಒಪ್ಪುವ ವಿಷಯ ನನ್ನ ಬಳಿ ಇಲ್ಲ.

ಈ ಜಾತಿಯ ದೋಣಿಗಳಲ್ಲಿ ಎಲ್ಲಕ್ಕಿಂತ ವೇಗದವನ್ನು ನಮ್ಮ ಸೀಮೆಯ ಜನ ಹತ್ತಿರದಿಂದ ಕಂಡದ್ದು 2018ರ ನವೆಂಬರ್ 16ರಿಂದ 18ರವರೆಗೆ. ವಿಜಯವಾಡದಲ್ಲಿ, ಪ್ರಕಾಶಂ ಬ್ಯಾರೇಜಿನ ಮೇಲ್ಗಡೆ ಕೃಷ್ಣೆ ಸರೋವರದಂತೆ ಹರಡಿ ನಿಂತಿರುವ ಜಾಗದಲ್ಲಿ, ಫಾರ್ಮುಲಾ ಒನ್ ಪವರ್‌ಬೋಟ್ ವಿಶ್ವ ಸರಣಿಯ ಭಾರತದ ಸುತ್ತು ನಡೆಯಿತು. ಸ್ವೀಡನ್ನಿನ ಯೋನಾಸ್ ಆಂಡರ್ಸನ್ ಓಡಿಸಿದ್ದು ಅಮರಾವತಿ ಎಂಬ ಹೆಸರು ಹೊತ್ತ ತಂಡಕ್ಕೆ. ನಾನೂ ಹೈದರಾಬಾದಿನಿಂದ ರಾತ್ರಿ ಬಸ್ಸು ಹತ್ತಿ ಹೋಗಿದ್ದೆ. ದಡದಲ್ಲಿ ಸಾವಿರಾರು ಜನ. ಪಕ್ಕದಲ್ಲೊಬ್ಬ ಅಜ್ಜ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ದೋಣಿಗಳು ಒಮ್ಮೆಲೇ ಚಿಮ್ಮಿದಾಗ ಆ ಮಗು ಎರಡೂ ಕಿವಿ ಮುಚ್ಚಿಕೊಂಡಿತು. ನಾನು ಮುಚ್ಚಿಕೊಳ್ಳಲಿಲ್ಲ. ಯಾವ ಎಂಜಿನ್ನು ಯಾವ ತಿರುವಿನಲ್ಲಿ ಹೇಗೆ ಕೂಗುತ್ತದೆ ಎಂದು ಕೇಳುವುದಕ್ಕೇ ನಾನು ಅಷ್ಟು ದೂರ ಹೋಗಿದ್ದು.

ಆ ದೋಣಿಗಳ ಅಳತೆ ಹೇಳುತ್ತೇನೆ. ಉದ್ದ ಸುಮಾರು 6 ಮೀಟರ್, ಅಗಲ 2 ಮೀಟರಿಗೆ ತುಸು ಹೆಚ್ಚು. ಎಂಜಿನ್ನೂ ಸೇರಿ ತೂಕ 390 ಕಿಲೋ ಆಸುಪಾಸು, ಅಂದರೆ ನಮ್ಮ ಸಣ್ಣ ಕಾರಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಹಿಂದೆ ಎರಡೂವರೆ ಲೀಟರಿನ, ಆರು ಸಿಲಿಂಡರಿನ ಟು-ಸ್ಟ್ರೋಕ್ ಎಂಜಿನ್ನು. ಸುಮಾರು 400 ಅಶ್ವಶಕ್ತಿ. ನಿಮಿಷಕ್ಕೆ ಹತ್ತು ಸಾವಿರ ಸುತ್ತು ಮೀರಿ ತಿರುಗುತ್ತದೆ. ನೇರ ದಾರಿಯಲ್ಲಿ ವೇಗ ಗಂಟೆಗೆ 220 ಕಿಲೋಮೀಟರ್ ದಾಟುತ್ತದೆ. ಬ್ರೇಕಿಲ್ಲ. ಗೇರು ಬದಲಾಯಿಸುವ ಮಾತಿಲ್ಲ. ಚಾಲಕನಿಗೆ ಹಿಂದೆ, ಪಕ್ಕದಲ್ಲಿ ಯಾರು ಬರುತ್ತಿದ್ದಾರೆಂದು ಸರಿಯಾಗಿ ಕಾಣುವುದೂ ಇಲ್ಲ. ಅದಕ್ಕೆ ಪ್ರತಿ ತಂಡದಲ್ಲೂ ಒಬ್ಬರು ಎತ್ತರದಲ್ಲಿ ನಿಂತು ರೇಡಿಯೊದಲ್ಲಿ ಅವನ ಕಿವಿಗೆ ಹೇಳುತ್ತಿರುತ್ತಾರೆ: ಎಡಕ್ಕೆ ಒಬ್ಬ ಬಂದ, ಮುಂದೆ ಅಲೆ ಇದೆ, ಈಗ ತಿರುಗು. ಅಷ್ಟು ವೇಗದಲ್ಲಿ ಮನುಷ್ಯ ನಂಬುವುದು ಇನ್ನೊಬ್ಬ ಮನುಷ್ಯನ ದನಿಯನ್ನು.

ಈಗ ಆ ಸುರಂಗದ ವಿಷಯ. ಎರಡು ಅಂಗೈಗಳನ್ನು ನಿಲ್ಲಿಸಿ, ಸ್ವಲ್ಪ ದೂರ ಇಟ್ಟು, ಮೇಲೆ ಒಂದು ಪುಸ್ತಕ ಇಟ್ಟಂತೆ ಕಲ್ಪಿಸಿಕೊಳ್ಳಿ. ಅಂಗೈಗಳು ದೋಣಿಯ ಎರಡು ಪಕ್ಕದ ಉದ್ದನೆ ಕಾಲುಗಳು. ಪುಸ್ತಕವೇ ಮೇಲ್ಚಾವಣಿ. ನಡುವಿನ ಪೊಳ್ಳೇ ಸುರಂಗ. ದೋಣಿ ಮುನ್ನುಗ್ಗಿದಾಗ ಮುಂದಿನ ಬಾಯಿಂದ ಗಾಳಿ ನುಗ್ಗಿ, ಕೆಳಗೆ ನೀರು, ಮೇಲೆ ಚಾವಣಿ, ಪಕ್ಕದಲ್ಲಿ ಗೋಡೆಗಳ ನಡುವೆ ಒತ್ತಿಕೊಂಡು ದೋಣಿಯನ್ನು ಮೇಲಕ್ಕೆ ಎತ್ತುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಆದ್ದರಿಂದ ದೋಣಿಯ ಮೈ ನೀರಿನಿಂದ ಎಷ್ಟು ಬಿಡಿಸಿಕೊಂಡರೆ ಅಷ್ಟು ಹಗುರವಾಗಿ ಓಡುತ್ತದೆ. ಪೂರ್ತಿ ವೇಗದಲ್ಲಿ ಈ ದೋಣಿ ನೀರನ್ನು ಮುಟ್ಟುವುದು ಎರಡು ಕಾಲುಗಳ ಹಿಂತುದಿಯಲ್ಲಿ ಮತ್ತು ಪ್ರೊಪೆಲ್ಲರಿನಲ್ಲಿ, ಅಷ್ಟೆ. ಉಳಿದದ್ದೆಲ್ಲ ಗಾಳಿಯ ಮೇಲೆ.

ಇಲ್ಲೇ ಸೊಗಸು, ಇಲ್ಲೇ ಅಪಾಯ. ಗಾಳಿ ಎತ್ತುವ ಶಕ್ತಿ ವೇಗದ ಜೊತೆ ಸರಿಸಮ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಎತ್ತುವ ಶಕ್ತಿ ನಾಲ್ಕು ಪಟ್ಟು. ದೋಣಿ ಗಂಟೆಗೆ 100 ಕಿಲೋಮೀಟರಿನಲ್ಲಿ ಓಡುತ್ತಿದೆ ಎನ್ನಿ. ಎದುರಿನಿಂದ 20 ಕಿಲೋಮೀಟರ್ ವೇಗದ ಗಾಳಿ ಬಂತು. ಚಾಲಕನ ಮೀಟರಿನಲ್ಲಿ ಅದೇ 100. ಆದರೆ ಸುರಂಗಕ್ಕೆ ನುಗ್ಗುವುದು 120ರ ಗಾಳಿ. ಎತ್ತುವ ಶಕ್ತಿ ಶೇಕಡಾ 44ರಷ್ಟು ಹೆಚ್ಚಿತು! ಅದೇ ಗಾಳಿ ಬೆನ್ನ ಹಿಂದಿನಿಂದ ಬಂದರೆ ಶೇಕಡಾ 36ರಷ್ಟು ಇಳಿಯಿತು. ಹೋಗುವಾಗ ಹಕ್ಕಿಯಂತಿದ್ದ ದೋಣಿ ಬರುವಾಗ ಎಮ್ಮೆಯಂತೆ ಕೂರುವುದು ಇದಕ್ಕೇ. ಮೂತಿ ಮಿತಿ ಮೀರಿ ಎದ್ದರೆ ಸುರಂಗದ ಬಾಯಿ ಇನ್ನಷ್ಟು ತೆರೆದುಕೊಳ್ಳುತ್ತದೆ, ಇನ್ನಷ್ಟು ಗಾಳಿ ನುಗ್ಗುತ್ತದೆ, ಮೂತಿ ಇನ್ನೂ ಏಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ದೋಣಿ ಹಿಮ್ಮುಖವಾಗಿ ಪಲ್ಟಿ.

ಈ ಮಾತನ್ನು ಜಗತ್ತು ಜೀವ ತೆತ್ತು ಕಲಿತಿದೆ. ಇಟಲಿಯ ಕೋಮೋ ಸರೋವರದ ದಂಡೆಯ ಮೊಲಿನಾರಿ ಮನೆತನದವರು ಇಂಥ ದೋಣಿಗಳನ್ನು ಕಟ್ಟಿ, ಓಡಿಸಿ ಹೆಸರಾದವರು. 1981ರಲ್ಲಿ ಫಾರ್ಮುಲಾ ಒನ್ ಪವರ್‌ಬೋಟ್ ಪಂದ್ಯ ಶುರುವಾದಾಗ ಮೊದಲ ವಿಶ್ವ ಚಾಂಪಿಯನ್ ಆದದ್ದು ಆ ಮನೆಯ ರೆನಾಟೊ ಮೊಲಿನಾರಿ. ಅದೇ ದಶಕದ ಮೊದಲರ್ಧದಲ್ಲಿ ಹಲವು ಚಾಲಕರು ಪಂದ್ಯಗಳಲ್ಲಿ ಸತ್ತರು. ಆಗ ದೋಣಿಯ ಮೈ ಹೆಚ್ಚಾಗಿ ತೆಳು ಪ್ಲೈವುಡ್. ಒಡೆದರೆ ಚಾಲಕನಿಗೆ ಯಾವ ಆಸರೆಯೂ ಇರಲಿಲ್ಲ. ಬ್ರಿಟನ್ನಿನ ದೋಣಿ ನಿರ್ಮಾಪಕ ಕ್ರಿಸ್ ಹಾಜಸ್ ಚಾಲಕನ ಸುತ್ತ ಗಟ್ಟಿಯಾದ ಒಂದು ಕೋಶ ಕಟ್ಟಿದರು. ದೋಣಿ ಚೂರುಚೂರಾದರೂ ಕೋಶ ಉಳಿಯುತ್ತದೆ, ಒಳಗಿನ ಮನುಷ್ಯ ಉಳಿಯುತ್ತಾನೆ. ಇವತ್ತು ಆ ಕೋಶವಿಲ್ಲದೆ ಪಂದ್ಯಕ್ಕೆ ಬಿಡುವುದಿಲ್ಲ. ತಲೆಕೆಳಗಾದ ಕೋಶದಿಂದ ನೀರಿನಡಿಯಲ್ಲಿ ಬೆಲ್ಟು ಬಿಚ್ಚಿಕೊಂಡು ಹೊರಬರುವ ಪರೀಕ್ಷೆಯಲ್ಲಿ ಪಾಸಾಗದ ಚಾಲಕನಿಗೂ ಪ್ರವೇಶವಿಲ್ಲ. ಓಡಿಸುವುದನ್ನು ಕಲಿಯುವ ಮೊದಲು ಹೊರಬರುವುದನ್ನು ಕಲಿಯಬೇಕು.

ನಾನು ಕಲಿತ ದೋಣಿ ಅಂಥ ದೊಡ್ಡದಲ್ಲ. ಗೆಳೆಯರೊಬ್ಬರು ಫೈಬರಿನಲ್ಲಿ ಕಟ್ಟಿಸಿದ ಹದಿನೈದು ಅಡಿಯ ಟನೆಲ್ ಬೋಟು, ಹಿಂದೆ 60 ಅಶ್ವಶಕ್ತಿಯ ಹಳೆಯ ಟು-ಸ್ಟ್ರೋಕ್ ಎಂಜಿನ್ನು. ನಗರದಿಂದ ದೂರ, ಮಾಲೀಕರ ಒಪ್ಪಿಗೆ ಪಡೆದ ಒಂದು ಕೆರೆಯಲ್ಲಿ ನಮ್ಮ ಅಭ್ಯಾಸ. ಕಲಿಸಿದವರು ನನಗೆ ಎಂಜಿನ್ ಕೆಲಸ ಹೇಳಿಕೊಟ್ಟ ಉಸ್ತಾದರೇ. ಎಪ್ಪತ್ತರ ಹತ್ತಿರದ ವಯಸ್ಸು. ಹಳೇ ಹೈದರಾಬಾದಿನ ದಖನಿ ಮಾತು. ನಾನು ಮೊದಲ ದಿನವೇ ಉತ್ಸಾಹದಲ್ಲಿ ಎಂಜಿನ್ ಎತ್ತರಿಸಿ, ಪ್ರೊಪೆಲ್ಲರ್ ಬದಲಾಯಿಸಿ, ಬ್ಯಾಟರಿಯನ್ನು ಮುಂದಕ್ಕೆ ಸರಿಸಿ, ಎಲ್ಲ ಒಟ್ಟಿಗೆ ಮಾಡಹೊರಟೆ. ಉಸ್ತಾದರು ನನ್ನ ಕೈಯಿಂದ ಪಾನಾ ತೆಗೆದುಕೊಂಡು ಹೇಳಿದರು: "ಏಕ್ ಬಾರ್ ಮೇ ಏಕೀಚ್ ನಟ್, ಬೇಟಾ." ಒಂದು ಸಲಕ್ಕೆ ಒಂದೇ ನಟ್ಟು. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ, ದೋಣಿ ಸುಧಾರಿಸಿದರೂ ಯಾವುದರಿಂದ ಸುಧಾರಿಸಿತು ಗೊತ್ತಾಗುವುದಿಲ್ಲ, ಕೆಟ್ಟರೂ ಯಾವುದರಿಂದ ಕೆಟ್ಟಿತು ಗೊತ್ತಾಗುವುದಿಲ್ಲ. ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೈಗಿಟ್ಟರು. ದಿನ, ಹೊತ್ತು, ಗಾಳಿ, ಬಿಸಿಲು, ಎಂಜಿನ್ನಿನ ಎತ್ತರ, ಪ್ರೊಪೆಲ್ಲರ್, ಸುತ್ತು, ವೇಗ: ಎಲ್ಲ ಬರೆಯಬೇಕು. ಬರೆಯದಿದ್ದರೆ ಆ ದಿನ ಓಡಿಸಿಲ್ಲ ಎಂದೇ ಲೆಕ್ಕ.

ಮೊದಲು ಓಡಿಸುವ ಕ್ರಮ ಹೇಳುತ್ತೇನೆ. ದೋಣಿಯಲ್ಲಿ ಕೂತ ಕೂಡಲೇ ಮಾಡುವ ಕೆಲಸ ಒಂದೇ: ಕೆಂಪು ದಾರದ ಕೊಕ್ಕೆಯನ್ನು ಜೀವರಕ್ಷಕ ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳುವುದು. ಅದರ ಇನ್ನೊಂದು ತುದಿ ಎಂಜಿನ್ನಿನ ಸ್ವಿಚ್ಚಿನಲ್ಲಿರುತ್ತದೆ. ನೀವು ಸೀಟಿನಿಂದ ಎಸೆಯಲ್ಪಟ್ಟರೆ ದಾರ ಕಿತ್ತು ಎಂಜಿನ್ನು ನಿಲ್ಲುತ್ತದೆ. ಆ ದಾರವಿಲ್ಲದಿದ್ದರೆ ಚಾಲಕನಿಲ್ಲದ ದೋಣಿ ಸುತ್ತು ಹೊಡೆದು, ನೀರಿನಲ್ಲಿರುವ ನಿಮ್ಮ ಮೇಲೇ ತಿರುಗಿ ಬರಬಹುದು. ಉಸ್ತಾದರು ಪ್ರತಿ ಸಲವೂ ಆ ದಾರವನ್ನು ಎಳೆದು ನೋಡಿಯೇ ದೋಣಿ ತಳ್ಳುತ್ತಿದ್ದರು.

ಆಮೇಲೆ ಟ್ರಿಮ್. ಎಂಜಿನ್ನನ್ನು ದೋಣಿಯ ಕಡೆಗೆ ಒಳಗೆ ಬಾಗಿಸಿದರೆ ಮೂತಿ ಕೆಳಗೆ, ಹೊರಗೆ ಬಿಟ್ಟರೆ ಮೂತಿ ಮೇಲೆ. ಹೊರಡುವಾಗ ಪೂರ್ತಿ ಒಳಗೆ. ಪೆಡಲ್ ಒತ್ತಿ. ಆ ಗೊರಗೊರ ದನಿ ಮುಗಿದು ದೋಣಿ ಜಾರತೊಡಗಿದ ಮೇಲೆ ಟ್ರಿಮ್ಮಿನ ಗುಂಡಿಯನ್ನು ತಟ್ಟಿ ತಟ್ಟಿ ಎಂಜಿನ್ನನ್ನು ಹೊರಗೆ ಬಿಡಬೇಕು. ಒತ್ತಿ ಹಿಡಿಯಬಾರದು, ತಟ್ಟಬೇಕು. ಪ್ರತಿ ತಟ್ಟಿಗೂ ದನಿ ಒಂದೆಳೆ ತಿಳಿಯಾಗುತ್ತದೆ. ಅಕ್ಕಪಕ್ಕದ ತುಂತುರು ಹಿಂದೆ ಹಿಂದೆ ಸರಿಯುತ್ತದೆ. ಸ್ಟಿಯರಿಂಗ್ ಕೈಯಲ್ಲಿ ಹಗುರಾಗುತ್ತದೆ. ಅಷ್ಟರಲ್ಲಿ ದೋಣಿ ಮೂತಿಯನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ಕುಪ್ಪಳಿಸತೊಡಗಿದರೆ ಹದ ದಾಟಿತು ಎಂದು ತಿಳಿಯಿರಿ. ಎರಡು ತಟ್ಟು ಒಳಗೆ ತೆಗೆದುಕೊಂಡರೆ ಶಾಂತವಾಗುತ್ತದೆ. ತಿರುವಿಗೆ ಮೊದಲು ಟ್ರಿಮ್ ಒಳಗೆ, ಪೆಡಲಿನ ಮೇಲಿನ ಕಾಲು ಸ್ವಲ್ಪ ಸಡಿಲ. ತಿರುವಿನ ಒಳಬದಿಗಿರುವ ದೋಣಿಯ ಕಾಲು ನೀರನ್ನು ಕಚ್ಚಿ ಹಿಡಿಯುತ್ತದೆ, ದೋಣಿ ಮಗ್ಗುಲಿಗೆ ವಾಲದೆ ಚಪ್ಪಟೆಯಾಗಿ ತಿರುಗುತ್ತದೆ. ತಿರುವಿನ ನಡುವೆ ಹೆದರಿ ಪೆಡಲಿನಿಂದ ಕಾಲನ್ನು ಫಕ್ಕನೆ ತೆಗೆದರೆ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತದೆ, ಹಿಂಭಾಗ ತಿರುಗಿ ಮುಂದೆ ಬರುತ್ತದೆ. ವೇಗಕ್ಕಿಂತ ಹೆಚ್ಚು ಜನರನ್ನು ಕೆಡವುವುದು ಈ ಹೆದರಿಕೆ.

ನನಗೂ ಒಮ್ಮೆ ಆ ಹೆದರಿಕೆಯ ಅನುಭವವಾಯಿತು. ಕೆರೆಯ ಏರಿಯ ಮರೆಯಲ್ಲಿ ನೀರು ಕನ್ನಡಿಯಂತಿತ್ತು. ಮೀಟರು 80 ತೋರಿಸುತ್ತಿತ್ತು. ಏರಿ ಮುಗಿದು ಕೋಡಿಯ ಬಯಲು ಬಂದದ್ದೇ ತಡ, ಎದುರುಗಾಳಿ ಸುರಂಗಕ್ಕೆ ನುಗ್ಗಿತು. ಎದುರಿನ ದಡ ನನ್ನ ಕಣ್ಣಿಂದ ಮಾಯವಾಯಿತು. ಕಂಡದ್ದು ಆಕಾಶ ಮತ್ತು ದೋಣಿಯ ಮೂತಿ. ಎಂಜಿನ್ನಿನ ದನಿ ಹಠಾತ್ತನೆ ಕಿರುಚಿತು, ಪ್ರೊಪೆಲ್ಲರ್ ನೀರು ಬಿಟ್ಟು ಗಾಳಿ ಕಲಸುತ್ತಿತ್ತು. ಕಾಲು ತಾನಾಗಿ ಪೆಡಲಿನಿಂದ ಪೂರ್ತಿ ಏಳಹೊರಟಿತು. ಆ ಗಳಿಗೆಯಲ್ಲಿ ನೆನಪಾದದ್ದು ಉಸ್ತಾದರು ದಡದ ಮೇಲೆ ಕೂರಿಸಿ ನೂರು ಸಲ ಮಾಡಿಸಿದ್ದ ಅಭ್ಯಾಸ: ಹೆಬ್ಬೆರಳು ಟ್ರಿಮ್ ಒಳಗೆ, ಕಾಲು ನಿಧಾನ ಹಿಂದೆ, ಎರಡೂ ಒಟ್ಟಿಗೆ, ಹಾಲು ಉಕ್ಕುವಾಗ ಉರಿ ಇಳಿಸಿದ ಹಾಗೆ. ಮೂತಿ ಮೆಲ್ಲಗೆ ಇಳಿಯಿತು. ದಡ ಮತ್ತೆ ಕಂಡಿತು. ದಡಕ್ಕೆ ಬಂದಾಗ ನನ್ನ ಮೊಣಕಾಲು ನಡುಗುತ್ತಿತ್ತು. ಉಸ್ತಾದರು ಏನೂ ಹೇಳದೆ ನೋಟ್‌ಬುಕ್ ಮುಂದಿಟ್ಟರು. ನಾನು ಬರೆದೆ: ಏರಿ ಮುಗಿಯುವಲ್ಲಿ ಗಾಳಿ ಬದಲು. ಮೊದಲೇ ಒಳಗೆ ತೆಗೆದುಕೊಳ್ಳಬೇಕು.

ಇನ್ನು ಹದಕ್ಕೆ ತರುವ ಕೆಲಸ. ಅದರ ಮೊದಲ ಅಳತೆ ಎಂಜಿನ್ನಿನ ಎತ್ತರ. ದೋಣಿಯನ್ನು ಟ್ರೈಲರ್ ಮೇಲೆ ಸಮ ನಿಲ್ಲಿಸಿ, ಪಕ್ಕದ ಕಾಲಿನ ತಳಕ್ಕೆ ಒಂದು ಉದ್ದನೆ ನೇರ ಪಟ್ಟಿ ಒತ್ತಿ ಹಿಡಿದು, ಅದನ್ನು ಹಿಂದಕ್ಕೆ ಎಂಜಿನ್ನಿನವರೆಗೆ ಚಾಚುತ್ತೇವೆ. ಆ ಪಟ್ಟಿಯಿಂದ ಪ್ರೊಪೆಲ್ಲರಿನ ನಡುಗಂಬಿಯವರೆಗೆ ಎಷ್ಟು ಎಂದು ಸ್ಕೇಲಿನಲ್ಲಿ ನೋಡುತ್ತೇವೆ. ನಾವು ಶುರು ಮಾಡಿದಾಗ ನಡುಗಂಬಿ ತಳದ ಗೆರೆಗಿಂತ 75 ಮಿಲಿಮೀಟರ್ ಕೆಳಗಿತ್ತು. ಕೆಳಗಿದ್ದಷ್ಟೂ ಎಂಜಿನ್ನಿನ ಕಾಲು ನೀರಿನಲ್ಲಿ ಮುಳುಗಿ ಎಳೆತ ಹೆಚ್ಚು. ಆರು ಮಿಲಿಮೀಟರ್ ಎತ್ತರಿಸಿದೆವು, ಓಡಿಸಿದೆವು, ಬರೆದೆವು. ಮತ್ತೆ ಆರು. ಪ್ರತಿ ಸಲ ಒಂದೆರಡು ಕಿಲೋಮೀಟರ್ ವೇಗ ಸಿಗುತ್ತ ಹೋಯಿತು. ಒಂದು ಹಂತದಲ್ಲಿ ಆರು ಮಿಲಿಮೀಟರ್ ಎತ್ತರಿಸಿದಾಗ ಎಂಜಿನ್ನಿನ ಸುತ್ತು 300 ಏರಿತು, ವೇಗ ಒಂದು ಕಿಲೋಮೀಟರೂ ಏರಲಿಲ್ಲ. ದನಿಯಲ್ಲಿ ಒಂದು ಸೀಳು. ಜೊತೆಗೆ, ಎಂಜಿನ್ನಿಗೆ ತಂಪು ನೀರು ಹೋಗುತ್ತಿದೆಯೇ ಎಂದು ತೋರಿಸುವ ಪ್ರೆಶರ್ ಮೀಟರಿನ ಮುಳ್ಳು ಕುಸಿಯುತ್ತಿತ್ತು. ಔಟ್‌ಬೋರ್ಡ್ ಎಂಜಿನ್ನು ತಾನು ಓಡುವ ಕೆರೆಯ ನೀರನ್ನೇ ಹೀರಿ ತಣ್ಣಗಿರುತ್ತದೆ. ನೀರು ಹೀರುವ ಕಿಂಡಿ ಗಾಳಿಗೆ ಬಂದರೆ ಕೆಲವೇ ನಿಮಿಷದಲ್ಲಿ ಪಿಸ್ಟನ್ ಸುಟ್ಟು ಕಚ್ಚಿಕೊಳ್ಳುತ್ತದೆ. ಆರು ಮಿಲಿಮೀಟರ್ ಕೆಳಗಿಳಿಸಿದೆವು. ಅಲ್ಲಿಗೆ ಆ ದೋಣಿಯ ಎತ್ತರ ಸಿಕ್ಕಿತು. ಒಂದು ಬೆರಳಿನ ಅಗಲದಲ್ಲಿ ಮೂರನೇ ಒಂದು ಪಾಲು: ಹದಕ್ಕೂ ಹಾಳಿಗೂ ನಡುವೆ ಇದ್ದದ್ದು ಅಷ್ಟೇ.

ಎರಡನೆಯ ಅಳತೆ ಪ್ರೊಪೆಲ್ಲರಿನ ಪಿಚ್. ಮರಕ್ಕೆ ಸ್ಕ್ರೂ ತಿರುಗಿಸಿದರೆ ಒಂದು ಸುತ್ತಿಗೆ ಇಷ್ಟು ಎಂದು ಒಳಗೆ ಹೋಗುತ್ತದಲ್ಲ, ಅದೇ ಲೆಕ್ಕ. ಪಿಚ್ 20 ಇಂಚು ಎಂದರೆ ಒಂದು ಸುತ್ತಿಗೆ ದೋಣಿ 20 ಇಂಚು ಮುಂದೆ ಹೋಗಬೇಕು. ಎಂಜಿನ್ನು ನಿಮಿಷಕ್ಕೆ 5,500 ಸುತ್ತು, ಗೇರಿನಲ್ಲಿ ಅರ್ಧವಾಗಿ ಪ್ರೊಪೆಲ್ಲರ್ 2,750 ಸುತ್ತು ಎಂದುಕೊಳ್ಳಿ. ನಿಮಿಷಕ್ಕೆ 55,000 ಇಂಚು. ಗಂಟೆಗೆ ಲೆಕ್ಕ ಹಾಕಿದರೆ ಹತ್ತಿರಹತ್ತಿರ 84 ಕಿಲೋಮೀಟರ್. ಆದರೆ ಜಿಪಿಎಸ್ 75 ತೋರಿಸಿತು. ನೀರು ಮರದಂತೆ ಗಟ್ಟಿಯಲ್ಲ, ಜಾರುತ್ತದೆ. ಇಲ್ಲಿ ಜಾರಿದ್ದು ಶೇಕಡಾ ಹತ್ತು ಚಿಲ್ಲರೆ. ಇಂಥ ದೋಣಿಗೆ ಅದು ಒಪ್ಪುವ ಲೆಕ್ಕವೇ. ಇಪ್ಪತ್ತೋ ಇಪ್ಪತ್ತೈದೋ ಬಂದರೆ ಪ್ರೊಪೆಲ್ಲರಿನ ಅಂಚು ಬಾಗಿದೆ, ಇಲ್ಲವೇ ಎಂಜಿನ್ನು ತೀರಾ ಎತ್ತರ ಕೂತಿದೆ ಎಂದು ಹುಡುಕಲು ಹೊರಡಬೇಕು. ಗುಣಾಕಾರ ಭಾಗಾಕಾರ ಗೊತ್ತಿದ್ದ ಮಗುವೂ ಮಾಡಬಹುದಾದ ಈ ಲೆಕ್ಕ, ದುಬಾರಿ ಎಂಜಿನ್ ಕೊಳ್ಳುವ ಎಷ್ಟೋ ಆತುರವನ್ನು ತಡೆಯುತ್ತದೆ.

ಮೂರನೆಯದು ಭಾರ ಎಲ್ಲಿ ಕೂತಿದೆ ಎನ್ನುವುದು. ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ಚಾಲಕ: ಇವನ್ನು ಒಂದು ಗೇಣು ಹಿಂದೆ ಮುಂದೆ ಮಾಡಿದರೂ ದೋಣಿಯ ಸ್ವಭಾವ ಬದಲಾಗುತ್ತದೆ. ಭಾರ ಹಿಂದಾದರೆ ಮೂತಿ ಏಳುವ ಚಪಲ. ಮುಂದಾದರೆ ನೀರಿಗೆ ಅಂಟಿಕೊಂಡು ಒದ್ದಾಟ. ಹೈದರಾಬಾದಿನವರಿಗೆ ಭಾರದ ಮಾತು ಎತ್ತಿದರೆ ಒಂದು ದಿನ ನೆನಪಾಗದೆ ಇರದು. 1990ರ ಮಾರ್ಚ್ 10ರಂದು, ಒಂದೇ ಕಲ್ಲಿನಲ್ಲಿ ಕಡೆದ ನೂರಾರು ಟನ್ ತೂಕದ ಬುದ್ಧನ ಪ್ರತಿಮೆಯನ್ನು ಸಾಗಿಸುತ್ತಿದ್ದ ಬಾರ್ಜು ವಾಲಿ, ಪ್ರತಿಮೆ ಹುಸೇನ್ ಸಾಗರದ ತಳ ಸೇರಿತು. ಕೆಲಸಕ್ಕಿದ್ದವರಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಎರಡು ವರ್ಷಕ್ಕೂ ಹೆಚ್ಚು ಕಾಲ ನೀರಿನಡಿ ಮಲಗಿದ್ದ ಬುದ್ಧನನ್ನು ಎತ್ತಿ, 1992ರ ಡಿಸೆಂಬರಿನಲ್ಲಿ ಈಗಿರುವ ಬಂಡೆಯ ಮೇಲೆ ನಿಲ್ಲಿಸಿದರು. ನೀರಿನ ಮೇಲಿನ ಕೆಲಸಕ್ಕೆ ಹೋಗುವ ಪ್ರತಿ ಸಲವೂ ನಾನು ಆ ಪ್ರತಿಮೆಯ ಕಡೆ ಒಮ್ಮೆ ನೋಡುತ್ತೇನೆ. ನಿಂತ ನೀರು ಕೂಡ ತೂಕದ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ನಾಲ್ಕನೆಯದು ಕಣ್ಣಿಗೆ ಕಾಣದ್ದು: ಊರಿನ ಗಾಳಿ. ಹೈದರಾಬಾದು ಸಮುದ್ರ ಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕಡಲ ದಂಡೆಯ ಗಾಳಿಗಿಂತ ಶೇಕಡಾ ಐದಾರರಷ್ಟು ತೆಳು. ಅದೇ ಊರಿನಲ್ಲಿ ಚಳಿಗಾಲದ 20 ಡಿಗ್ರಿಯ ಬೆಳಗಿಗೂ ಮೇ ತಿಂಗಳ 40 ಡಿಗ್ರಿಯ ಮಧ್ಯಾಹ್ನಕ್ಕೂ ಇನ್ನೊಂದು ಶೇಕಡಾ ಆರರ ವ್ಯತ್ಯಾಸ. ಎಂಜಿನ್ನು ಉಸಿರಾಡುವುದು ಇದೇ ಗಾಳಿಯನ್ನು, ಸುರಂಗ ದೋಣಿಯನ್ನು ಎತ್ತುವುದೂ ಇದೇ ಗಾಳಿಯಿಂದ. ಗಾಳಿ ತೆಳುವಾದರೆ ಶಕ್ತಿಯೂ ಇಳಿಯಿತು, ಎತ್ತುವುದೂ ಇಳಿಯಿತು. ಒಮ್ಮೆ ನಮ್ಮ ದೋಣಿಯನ್ನು ಚಳಿಗಾಲದಲ್ಲಿ ಕೃಷ್ಣೆಯ ಕೆಳದಂಡೆಗೆ ಒಯ್ದೆವು. ಅಲ್ಲಿ ಹೆಚ್ಚುಕಡಿಮೆ ಸಮುದ್ರ ಮಟ್ಟ. ಇಲ್ಲಿ ಸೌಮ್ಯವಾಗಿದ್ದ ದೋಣಿ ಅಲ್ಲಿ ಮೊದಲ ಓಟದಲ್ಲೇ ಮೂತಿ ಎತ್ತತೊಡಗಿತು. ಎಂಜಿನ್ನು ತನ್ನ ಮಿತಿಗಿಂತ ಹೆಚ್ಚು ಸುತ್ತು ಹೊಡೆಯಿತು. ಒಂದು ಇಂಚು ಹೆಚ್ಚು ಪಿಚ್ಚಿನ ಪ್ರೊಪೆಲ್ಲರ್ ಹಾಕಿ, ಟ್ರಿಮ್ಮಿನ ಗುರುತನ್ನು ಬದಲಾಯಿಸಬೇಕಾಯಿತು. ಒಂದು ಊರಿನ ಹದವನ್ನು ಕಟ್ಟಿಕೊಂಡು ಇನ್ನೊಂದು ಊರಿಗೆ ಹೋಗಲಾಗುವುದಿಲ್ಲ. ಗಾಳಿ ದಟ್ಟವಾದ ಕಡೆ ಪೆಟ್ರೋಲಿನ ಪಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ತುದಿ ತಿಳಿ ಕಂದು ಇದ್ದರೆ ಕ್ಷೇಮ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ ಬಿದ್ದು ಎಂಜಿನ್ನು ಕಾಯುತ್ತಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಹೆಚ್ಚು ಕುಡಿದು ಕಟ್ಟಿಕೊಂಡಿದೆ. ವೈದ್ಯರು ನಾಲಿಗೆ ನೋಡುವ ಹಾಗೆ ನಾವು ಪ್ಲಗ್ ನೋಡುತ್ತೇವೆ.

ಕಡೆಯದಾಗಿ, ಇವೆಲ್ಲಕ್ಕಿಂತ ಕಷ್ಟದ ಪಾಠ: ಕಾಯುವುದು. ಓಡಿದ ದೋಣಿ ತನ್ನ ಹಿಂದೆ ಅಲೆ ಬಿಟ್ಟು ಹೋಗುತ್ತದೆ. ಕಲ್ಲು ಕಟ್ಟಿದ ದಡವಿದ್ದರೆ ಆ ಅಲೆ ಬಡಿದು ಮರಳಿ ಬರುತ್ತದೆ. ನೀರು ಅಡಗಲು ಬಹಳ ಹೊತ್ತು ಬೇಕು. ಬ್ರಿಟನ್ನಿನ ಡೊನಾಲ್ಡ್ ಕ್ಯಾಂಪ್‌ಬೆಲ್ 1967ರ ಜನವರಿ 4ರಂದು ಕಾನಿಸ್ಟನ್ ಸರೋವರದಲ್ಲಿ ವೇಗದ ದಾಖಲೆಗೆ ಹೊರಟಿದ್ದರು. ಅವರದು ಜೆಟ್ ಎಂಜಿನ್ನಿನ ಬೇರೆ ಬಗೆಯ ದೋಣಿ. ಆದರೆ ನೀರು ಗಾಳಿಗಳ ನಿಯಮ ಎಲ್ಲಕ್ಕೂ ಒಂದೇ. ಮೊದಲ ಓಟ ಮುಗಿಸಿ, ನೀರು ಅಡಗಲು ಬಿಡದೆ ಕೂಡಲೇ ಮರಳಿ ಹೊರಟರು. ಗಂಟೆಗೆ ಸುಮಾರು 480 ಕಿಲೋಮೀಟರ್ ವೇಗದಲ್ಲಿ ದೋಣಿಯ ಮೂತಿ ಎದ್ದು ಹಿಮ್ಮುಖ ಪಲ್ಟಿಯಾಯಿತು. ಅವರು ಉಳಿಯಲಿಲ್ಲ. ಅಷ್ಟು ಅನುಭವಿಯನ್ನೂ ನೀರು ಬಿಡಲಿಲ್ಲ ಎಂದಮೇಲೆ ನಮ್ಮಂಥವರು ಎಷ್ಟು ಕಾಯಬೇಕು ಹೇಳಿ. ನಾವು ಒಂದು ಓಟ ಮುಗಿಸಿದರೆ ದಡದಲ್ಲಿ ಕೂತು ಚಹಾ ಕುಡಿಯುತ್ತೇವೆ. ನೀರಿನಲ್ಲಿ ಹುಣಸೆಮರದ ನೆರಳು ಅಲುಗದೆ ನಿಂತ ಮೇಲೆ ಮುಂದಿನ ಓಟ.

ಇದೆಲ್ಲ ಯಾರಿಗೆ ಬೇಕು, ಶ್ರೀಮಂತರ ಆಟವಲ್ಲವೇ ಎಂದು ಕೆಲವರು ಕೇಳುತ್ತಾರೆ. ನಾನು ಅವರಿಗೆ ಹೈದರಾಬಾದಿನ ನೀರಿನ ಕಥೆ ಹೇಳುತ್ತೇನೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ಊರಿನ ಸಾವಿರಾರು ಜನರನ್ನು ಒಯ್ದಿತು. ಆ ದುರಂತದ ನಂತರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು ಹಾಕಿಕೊಟ್ಟ ಯೋಜನೆಯ ಫಲವೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಜಲಾಶಯಗಳು. ಹಾಗಿದ್ದೂ 2020ರ ಅಕ್ಟೋಬರಿನ ಮಳೆಗೆ ಬಡಾವಣೆಗಳು ಮುಳುಗಿದಾಗ ಜನರನ್ನು ಮನೆಗಳಿಂದ ತರಲು ದೋಣಿಗಳೇ ಬೇಕಾದವು. ಪ್ರವಾಹದ ನೀರಿನಲ್ಲಿ ತುಂಬಿದ ದೋಣಿಗೆ ಎಂಜಿನ್ ಎಷ್ಟು ಬಾಗಿಸಬೇಕು, ಮುದುಕರನ್ನು, ಮಕ್ಕಳನ್ನು ಎಲ್ಲಿ ಕೂರಿಸಿದರೆ ಭಾರ ಸಮವಾಗುತ್ತದೆ, ಪ್ರೊಪೆಲ್ಲರಿಗೆ ಸೀರೆಯೋ ಪ್ಲಾಸ್ಟಿಕ್ಕೋ ಸುತ್ತಿಕೊಂಡರೆ ದನಿ ಹೇಗೆ ಬದಲಾಗುತ್ತದೆ, ಕೆಂಪು ದಾರ ಯಾಕೆ ಕಟ್ಟಿಕೊಳ್ಳಬೇಕು: ಇವೆಲ್ಲ ಅದೇ ವಿದ್ಯೆ. ವೇಗದ ದೋಣಿಯಲ್ಲಿ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಅಲ್ಲಿ ಬೇಗ ಕಲಿಯುತ್ತೇವೆ. ಕಲಿತದ್ದು ಕೆಲಸಕ್ಕೆ ಬರುವುದು ನಿಧಾನದ ದೋಣಿಯಲ್ಲಿ. ನಮ್ಮ ಹುಡುಗರು ಬೀದಿಯಲ್ಲಿ ಬೈಕು ಹಾರಿಸುವ ಬದಲು, ಬಲ್ಲವರ ಕೈಕೆಳಗೆ, ಅನುಮತಿ ಇರುವ ನೀರಿನಲ್ಲಿ ಇಂಥದ್ದನ್ನು ಕಲಿಯಲಿ ಎಂಬುದು ನನ್ನ ಆಸೆ. ಅವರ ವೇಗದ ಹಸಿವಿಗೂ ಅನ್ನ ಸಿಗುತ್ತದೆ, ಊರಿಗೂ ನಾಲ್ಕು ಮಂದಿ ದೋಣಿ ಬಲ್ಲವರು ಸಿಗುತ್ತಾರೆ.

ಉಸ್ತಾದರು ಈಗಿಲ್ಲ. ಆ ನೋಟ್‌ಬುಕ್ ನನ್ನ ಹತ್ತಿರ ಇದೆ. ಎಣ್ಣೆ ಹತ್ತಿ ಅಂಚು ಕಪ್ಪಾಗಿದೆ. ಅದರಲ್ಲಿ ಹೆಚ್ಚಿನ ಅಕ್ಷರ ನನ್ನದು. ಒಂದು ಪುಟ ಮಾತ್ರ ಅವರು ಉರ್ದುವಿನಲ್ಲಿ ಬರೆದದ್ದು. ಆ ದಿನ ಗೆಳೆಯರು ಊರಿನಿಂದ ನೆಂಟರನ್ನು ಕರೆತಂದಿದ್ದರು. ದೋಣಿಯ ಓಟ ತೋರಿಸುವ ಆಸೆ ನನಗೂ ಇತ್ತು. ಉಸ್ತಾದರು ಏರಿಯ ಮೇಲೆ ಬಹಳ ಹೊತ್ತು ನಿಂತು ಜೊಂಡುಹುಲ್ಲು ಬಾಗುವುದನ್ನು ನೋಡಿದರು. ಆಮೇಲೆ ಬಂದು, ನೋಟ್‌ಬುಕ್ ತೆಗೆದುಕೊಂಡು, ತಾವೇ ದಿನಾಂಕ ಹಾಕಿ ಒಂದು ಸಾಲು ಬರೆದು ನನ್ನ ಕೈಗೆ ಕೊಟ್ಟರು. ಎಂಜಿನ್ನಿನ ಎತ್ತರ, ಪ್ರೊಪೆಲ್ಲರ್, ಸುತ್ತು, ವೇಗ, ಆ ಮನೆಗಳೆಲ್ಲ ಖಾಲಿ. ಗಾಳಿಯ ಮನೆಯಲ್ಲಿ ಅವರ ಸಾಲು ಇಷ್ಟೇ: ಇವತ್ತು ಹೆಚ್ಚು. ದೋಣಿ ಇಳಿಸಿಲ್ಲ.

ಹೊಸಬರು ಯಾರೇ ನನ್ನ ಬಳಿ ಕಲಿಯಲು ಬಂದರೂ ನಾನು ಮೊದಲು ತೆರೆದು ತೋರಿಸುವುದು ಆ ಪುಟವನ್ನು.